ರೇಡಿಯೋ ಕಲಿತ ಇಂಗ್ಲಿಷು

ಬೀದಿಯ ಹುಡುಗರು ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಅವನು ಮಾತಾಡುವಾಗ ಉಗ್ಗುತ್ತಿದ್ದ. ಸ್ಟೇಷನ್ ಸಿಗದೆ ಕರಕರ ಅನ್ನುವ ರೇಡಿಯೋ ಹಾಗೆ ಅನ್ನುವುದು ಅವರ ತಮಾಷೆ. ಹೆಸರಿಟ್ಟವರು ದೊಡ್ಡವರಾಗಿ ಒಬ್ಬೊಬ್ಬರು ಒಂದೊಂದು ಕಡೆ ಹೋದರು, ಹೆಸರು ಮಾತ್ರ ಬೀದಿಯಲ್ಲೇ ಉಳಿಯಿತು. ಕೊನೆಕೊನೆಗೆ ಅದರಲ್ಲಿ ಕುಚೋದ್ಯವೂ ಉಳಿದಿರಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಇದು ರಿಪೇರಿಯವನ ಮನೆ ಅಂದುಕೊಂಡು ಕೆಟ್ಟುಹೋದ ರೇಡಿಯೋ ಹಿಡಿದು ಬಂದಿದ್ದರು. ಹಾಗಲ್ಲ ಎಂದು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು ಎಲ್ಲ ಹೇಳಿ ಮುಗಿಸಿದ್ದಳು.

ಅಮ್ಮನ ಸ್ವಭಾವವೇ ಅದು. ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಅವಳಿಗೆ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಗ ಚಿಕ್ಕವನಿದ್ದಾಗಲೇ ಗಂಡ ತೀರಿಕೊಂಡ. ಅದೇ ಸುಮಾರಿಗೆ ಮಗನ ಮಾತು ತಡೆಯಲು ಶುರುವಾಯಿತು. ಅಂದಿನಿಂದ ಅವನು ಅರ್ಧ ಆಡಿದ್ದನ್ನು ಇವಳು ಪೂರ್ತಿ ಮಾಡುತ್ತ ಬಂದಳು. ಶಾಲೆಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಮುಂದೆ. ಹೆಚ್ಚಿನ ಸಲ ಅವಳ ಊಹೆ ಸರಿಯಾಗಿಯೇ ಇರುತ್ತಿತ್ತು, ಒಮ್ಮೊಮ್ಮೆ ತಪ್ಪುತ್ತಿತ್ತು. ಬಟ್ಟೆ ಅಂಗಡಿಯಲ್ಲಿ ಅವನು "ಕ" ಎಂದು ನಿಂತಾಗ "ಕಂದು ಬಣ್ಣದ್ದು ತೋರಿಸಿ" ಅಂದುಬಿಟ್ಟಳು. ಅವನಿಗೆ ಬೇಕಾಗಿದ್ದುದು ಕಪ್ಪು. ಇನ್ನೊಮ್ಮೆ ಬಾಯಿ ತೆರೆಯುವ ಕಷ್ಟ ಯಾರಿಗೆ ಬೇಕು ಎಂದು ಅವನು ಆ ಕಂದು ಅಂಗಿಯನ್ನೇ ಹರಿಯುವ ತನಕ ತೊಟ್ಟ.

ಓದು ಮುಗಿದ ಮೇಲೆ ಅವನು ಮಾತು ಬೇಕಿಲ್ಲದ ಕೆಲಸ ಹುಡುಕಿಕೊಂಡ. ಮುಖ್ಯ ರಸ್ತೆಯ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು. ನೀರು ತೊಟ್ಟಿಕ್ಕುವ ಚಕ್ರಕ್ಕೆ ಗಾಜಿನ ಅಂಚು ಹಿಡಿದು, ಫ್ರೇಮಿನ ಆಕಾರಕ್ಕೆ ಬರುವ ತನಕ ತಿರುಗಿಸುತ್ತ ಹೋಗಬೇಕು. ನಡುನಡುವೆ ಒರೆಸಿ, ಫ್ರೇಮಿಗೆ ಕೂರಿಸಿ ನೋಡಿ, ಮತ್ತೆ ಚಕ್ರಕ್ಕೆ ಹಿಡಿಯಬೇಕು. ಕೂದಲೆಳೆಯಷ್ಟು ಹೆಚ್ಚು ಸವೆದರೂ ಗಾಜು ಅಲ್ಲಾಡುತ್ತದೆ, ಕಡಿಮೆಯಾದರೆ ಕೂರುವುದೇ ಇಲ್ಲ. ಚಕ್ರದ ಸದ್ದಿನಲ್ಲಿ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅಂಗಡಿಯ ಮಾಲೀಕರಿಗೆ ಏನಾದರೂ ಹೇಳುವುದಿದ್ದರೆ ಪರದೆ ಸರಿಸಿ ಕೈಸನ್ನೆ ಮಾಡುತ್ತಿದ್ದರು. ಹಾಗೆ ಕೆಲವು ವರ್ಷ ಕಳೆಯಿತು. ಸೋದರಮಾವ ಮನೆಗೆ ಬಾರದಿದ್ದರೆ ಉಳಿದ ವರ್ಷಗಳೂ ಹಾಗೆಯೇ ಕಳೆದುಹೋಗುತ್ತಿದ್ದವೋ ಏನೋ.

ಮಾವ ಬಸ್ ಡ್ರೈವರ್. ಮದುವೆಯಾಗಿರಲಿಲ್ಲ. ಒಂದು ದಿನ ಡಿಪೋದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದವನು ಅಲ್ಲೇ ಕುಸಿದುಬಿದ್ದ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಪೂರ್ತಿ ಹೋಗಲಿಲ್ಲ; ಒಂದೇ ಒಂದು ಪದ ಉಳಿಯಿತು. "ಬೇಡ." ನೀರು ಬೇಕಾದರೂ ಬೇಡ, ಮಗ್ಗುಲು ಬದಲಿಸಬೇಕಾದರೂ ಬೇಡ, ನಗು ಬಂದರೂ ಬೇಡ. ಆಸ್ಪತ್ರೆಯಿಂದ ಕರೆತಂದ ಹೊಸತರಲ್ಲಿ ಅಮ್ಮ ತಮ್ಮನ ಮಾತನ್ನು ಇದ್ದ ಹಾಗೇ ತೆಗೆದುಕೊಂಡಳು. ಅವನು ಬೇಡ ಅಂದ, ಇವಳು ತಟ್ಟೆ ಎತ್ತಿದಳು. ಅವನು ಇನ್ನೂ ಜೋರಾಗಿ ಬೇಡ ಅಂದ.

"ಬೇಡ ಅಂದ್ಮೇಲೆ ತೆಗೆದ್ನಲ್ಲೋ, ಇನ್ನೇನು ಮಾಡಲಿ?" ಎಂದು ಇವಳು ರೇಗಿದಳು.

ರೇಡಿಯೋ ಹಾಗೆ ಮಾಡಲಿಲ್ಲ. ಆಡಬೇಕಾದ್ದು ಒಂದು, ಬಾಯಿಗೆ ಬರುವುದು ಇನ್ನೊಂದು ಎನ್ನುವ ಸಂಕಟ ಅವನಿಗೆ ಹೊಸದಲ್ಲ. ಮಂಚದ ಪಕ್ಕ ಕೂತು ಕಾಯುತ್ತಿದ್ದ. ಮಾವನ ಕಣ್ಣು ಎತ್ತ ಹೋಗುತ್ತದೆ, ಎಡಗೈ ಹೊದಿಕೆಯನ್ನು ಹಿಡಿದಿದೆಯೋ ಬಿಟ್ಟಿದೆಯೋ, ಬೇಡ ಎನ್ನುವುದು ಉದ್ದವೋ ಮೊಟಕೋ ಎಂದು ಗಮನಿಸುತ್ತಿದ್ದ. ಸ್ವಲ್ಪ ದಿನದಲ್ಲೇ ಇಬ್ಬರ ನಡುವೆ ಜಗಳ, ತಮಾಷೆ, ಅಮ್ಮನ ಮೇಲೆ ಚಾಡಿ ಎಲ್ಲ ಆ ಒಂದೇ ಪದದಲ್ಲಿ ನಡೆಯತೊಡಗಿತು. ಅಂಗಡಿಗೆ ಹೋಗುವ ಮುಂಚೆ, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ ಹಿಂತಿರುಗಿದ ಮೇಲೆ ಮಾವನ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನು ನೋಡುತ್ತಿದ್ದ.

ಆರೋಗ್ಯ ಕೇಂದ್ರದಿಂದ ವಾರಕ್ಕೊಮ್ಮೆ ಬರುತ್ತಿದ್ದ ಸಿಸ್ಟರ್ ಒಂದು ದಿನ ಮಾವನನ್ನು ಹೊರಳಿಸಿ ನೋಡಿ, "ಬೆನ್ನು ಎಲ್ಲೂ ಕೆಂಪಾಗೇ ಇಲ್ಲ. ಯಾರು ನೋಡ್ಕೊಳ್ಳೋದು?" ಎಂದರು.

"ಇವನೇ," ಅಂದಳು ಅಮ್ಮ.

"ನೀನು ನರ್ಸಿಂಗ್ ಸೇರಬಾರದೇನಪ್ಪ?" ಸಿಸ್ಟರ್ ಅವನನ್ನೇ ನೋಡಿ ಕೇಳಿದರು. "ಈಗ ಗಂಡುಹುಡುಗರೂ ಸೇರ್ತಾರೆ. ಇಂಗ್ಲಿಷ್ ಪ್ರವೇಶ ಪರೀಕ್ಷೆ ಒಂದು ಪಾಸಾಗಬೇಕು ಅಷ್ಟೆ."

"ಅದ...ರಲ್ಲಿ ಏ..."

"ಏನೇನಿರುತ್ತೆ ಅಂತ ಕೇಳ್ತಿದ್ದಾನೆ," ಅಂದಳು ಅಮ್ಮ.

"ಓದಿ ಉತ್ತರ ಬರೆಯೋದು, ಕೇಳಿಸ್ಕೊಂಡು ಬರೆಯೋದು, ಆಮೇಲೆ ಎದುರಿಗೆ ಕೂತು ಮಾತಾಡೋದು."

ಮೂರನೆಯದನ್ನು ಕೇಳಿ ಅಮ್ಮನಿಗೆ ನಗು ಬಂತು. "ಮಾತಾಡೋ ಪರೀಕ್ಷೆಗೆ ಬೇಕಾದ್ರೆ ನಾನೇ ಹೋಗ್ತೀನಿ ಬಿಡಿ."

ಮಂಚದ ಮೇಲಿಂದ ಮಾವ "ಬೇಡ" ಅಂದ. ಅದು ಯಾರಿಗೆ, ಯಾವುದಕ್ಕೆ ಅಂತ ಆ ದಿನ ರೇಡಿಯೋಗೂ ತಿಳಿಯಲಿಲ್ಲ.

ಆದರೂ ಅವನು ಪರೀಕ್ಷೆಯ ಪುಸ್ತಕವೊಂದನ್ನು ಕೊಂಡು ತಂದ. ಅಮ್ಮನ ಕಣ್ಣಿಗೆ ಬೀಳದಿರಲಿ ಎಂದು ಮನೆಯಲ್ಲಿ ಇಡದೆ, ಹೋದಲ್ಲೆಲ್ಲ ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಹಾಗಿರುವಾಗ ಮಾಲೀಕರು ಒಂದು ಹೊಸ ಕನ್ನಡಕ ಕೊಟ್ಟು, ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಗಿರಾಕಿಯೊಬ್ಬರ ಮನೆಗೆ ಕಳಿಸಿದರು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಒಂಟಿಯಾಗಿದ್ದರು. ಎಲ್ಲರಿಗೂ ಟೆಲಿಫೋನ್ ಮೇಡಂ. ಕನ್ನಡಕ ಏರಿಸಿಕೊಂಡು, ಓದಿ ನೋಡಲು ಏನಾದರೂ ಬೇಕಲ್ಲ ಎಂದು ಅತ್ತಿತ್ತ ನೋಡಿ, ಅವನ ಕಂಕುಳಲ್ಲಿದ್ದ ಪುಸ್ತಕವನ್ನೇ ಎಳೆದುಕೊಂಡರು.

"ಯಾರದ್ದು ಇದು?"

"ನ..." ಎಂದು ತಡೆದು, ಅವನು ತನ್ನ ಎದೆ ಮುಟ್ಟಿ ತೋರಿಸಿದ.

"ಸರಿ. ನಾನೂ ಓದ್ತೀನಿ, ನೀನೂ ಜೊತೆಗೆ ಓದು. ಕನ್ನಡಕದ ಪರೀಕ್ಷೆನೂ ಆಯ್ತು, ನಿನ್ನ ಪರೀಕ್ಷೆನೂ ಆಯ್ತು."

ಯಾರೋ ರೈಲಿನಲ್ಲಿ ಪ್ರಯಾಣ ಮಾಡಿದ ಪಾಠ ಅದು. ಇಬ್ಬರೂ ಒಂದೇ ದನಿಯಲ್ಲಿ ಓದತೊಡಗಿದರು. ನಾಲ್ಕೈದು ಸಾಲು ಕಳೆದ ಮೇಲೆ ಮೇಡಂ ಮೆಲ್ಲಗೆ ತಮ್ಮ ದನಿ ತಗ್ಗಿಸಿದರು, ಆಮೇಲೆ ನಿಲ್ಲಿಸಿಯೇಬಿಟ್ಟರು. ಅವನು ಒಬ್ಬನೇ ಓದುತ್ತ ಹೋದ. ರೈಲು ಸೇತುವೆ ದಾಟಿತು, ಸುರಂಗ ಹೊಕ್ಕಿತು, ಹೊರಬಂತು. ಎಲ್ಲೂ ತಡೆಯಲಿಲ್ಲ. ಪಾಠ ಮುಗಿದ ಮೇಲೆ ಅವನಿಗೇ ತನ್ನ ಕಿವಿಯ ಮೇಲೆ ಅನುಮಾನ ಬಂತು.

"ಉಗ್ಗು ಎಲ್ಲಿ ಹೋಯ್ತು?" ಎಂದರು ಮೇಡಂ. ಅದನ್ನು ಹಾಗೆ ಮುಖಕ್ಕೆ ಕೇಳಿದವರು ಅವರೇ ಮೊದಲು. ಉಳಿದವರು ಹೆಸರಿಟ್ಟು ನಗುತ್ತಿದ್ದರು, ಇಲ್ಲವೇ ಕೇಳಿದರೂ ಕೇಳದವರ ಹಾಗೆ ಇರುತ್ತಿದ್ದರು. ಅವನು ಗೊತ್ತಿಲ್ಲ ಎಂದು ತಲೆಯಾಡಿಸಿದ.

"ನಾಳೆ ಸಂಜೆ ಬಾ."

ಅಂದಿನಿಂದ ಸಂಜೆಯ ಹೊತ್ತು ಅವನು ಮೇಡಂ ಮನೆಯ ಮೆಟ್ಟಿಲು ಹತ್ತತೊಡಗಿದ. ಆಕೆಯ ಪಾಠ ಮುಲಾಜಿಲ್ಲದ ಪಾಠ. ಪದದ ಕೊನೆ ಅಕ್ಷರ ಬಿಟ್ಟರೆ, "ನುಂಗಬೇಡ, ಅದೇನು ಮಾತ್ರೆಯಾ?" ಎನ್ನುತ್ತಿದ್ದರು. ಕೇಳಿ ಬರೆಯುವ ಅಭ್ಯಾಸಕ್ಕೆ ಅವನನ್ನು ನಡುಮನೆಯಲ್ಲಿ ಕೂರಿಸಿ, ತಾವು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ಪಾತ್ರೆ ತೊಳೆಯುತ್ತ ಇಂಗ್ಲಿಷಿನಲ್ಲಿ ಏನಾದರೂ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಯಾರೂ ನಿನ್ನ ಕಿವಿಯಲ್ಲಿ ಬಂದು ಹೇಳುವುದಿಲ್ಲ, ಗದ್ದಲದಲ್ಲೇ ಕೇಳಿಸಿಕೊಳ್ಳಬೇಕು ಎನ್ನುವುದು ಅವರ ವಾದ. ಅವನಿಗೆ ಅದೆಲ್ಲ ಹಬೆಯಾಡುವ ಬಿಸಿನೀರಿನ ಸ್ನಾನದ ಹಾಗೆ ಹಿತವಾಗಿತ್ತು. ಇಂಗ್ಲಿಷಿನಲ್ಲಿ ಅವನ ನಾಲಿಗೆ ಹೇಳಿದಂತೆ ಕೇಳುತ್ತಿತ್ತು.

ಒಂದು ಸಂಜೆ ಮನೆಯ ಬೀಗದ ಕೈ ಅವನ ಹತ್ತಿರವೇ ಉಳಿದು, ಅಮ್ಮ ಅದನ್ನು ಕೇಳಲು ಅಲ್ಲಿಗೆ ಬಂದಳು. ಪುಸ್ತಕದ ಗುಟ್ಟು ಆಗಲೇ ಬಯಲಾಗಿತ್ತು. ಬೈಗುಳ ಮುಗಿದು, ಹೋಗಲಿ ಬಿಡು ಎನ್ನುವ ಹಂತಕ್ಕೆ ಬಂದಿತ್ತು. ಬಾಗಿಲ ಹೊರಗೆ ಅವಳಿಗೆ ಮಗನ ದನಿ ಕೇಳಿಸಿತು. ನೀರಿನ ಹಾಗೆ ಸಲೀಸಾಗಿ ಹರಿಯುತ್ತಿತ್ತು. ಒಂದಕ್ಷರವೂ ಅವಳಿಗೆ ತಿಳಿಯಲಿಲ್ಲ. ಬಾಗಿಲು ತಟ್ಟದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ರಾತ್ರಿ ಊಟಕ್ಕೆ ಬಡಿಸುವಾಗ, "ಎಷ್ಟು ಚೆನ್ನಾಗಿ ಮಾತಾಡ್ತಿದ್ದೆ," ಅಂದಳು. ಸಾರು ಹಾಕುತ್ತ, "ನನ್ನ ಹತ್ರ ಯಾಕೋ ಹಾಗೆ ಆಡಲ್ಲ?" ಎಂದು ಕೇಳಿದಳು.

ಅವನು ಉತ್ತರ ಹೇಳಲು ಬಾಯಿ ತೆರೆದ. ಮೊದಲ ಅಕ್ಷರಕ್ಕೇ ತಡೆಯಿತು.

"ನಂಗೆ ಇಂಗ್ಲಿಷ್ ಬರಲ್ಲ ಅಂತ ತಾನೆ?" ಎಂದು ಅಮ್ಮ ಪೂರ್ತಿ ಮಾಡಿದಳು.

ಅವನು ಹೇಳಹೊರಟದ್ದು ಅದಲ್ಲ. ಆದರೆ ಎಂದಿನಂತೆ ಹೂಂ ಎಂದು ತಲೆಯಾಡಿಸಿದ.

ಬೆಳಗಾಗುವುದರೊಳಗೆ ಸುದ್ದಿ ಬೀದಿಗೆಲ್ಲ ಗೊತ್ತಾಯಿತು. ರೇಡಿಯೋಗೆ ಫಾರಿನ್ ಸ್ಟೇಷನ್ ಸಿಕ್ಕಿದೆಯಂತೆ ಎಂದು ಜನ ನಕ್ಕರು. ಅಮ್ಮನೂ ನಕ್ಕಳು.

ಪರೀಕ್ಷೆ ಹತ್ತಿರವಾದಾಗ ಮೇಡಂ ಪುಸ್ತಕ ಮುಚ್ಚಿದರು. "ಇದು ಸಾಕು. ಅಲ್ಲಿ ನಿನ್ನ ವಿಷಯನೇ ಕೇಳ್ತಾರೆ. ನರ್ಸಿಂಗ್ ಯಾಕೆ ಸೇರ್ತೀಯ? ಹೇಳು ನೋಡೋಣ."

ಅವನು ಮಾವನ ಬಗ್ಗೆ ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದ. ಪೇಶೆಂಟ್ ಎನ್ನುವ ಪದಕ್ಕೆ ಬಂದ. ತುಟಿಗಳು ಒಂದಕ್ಕೊಂದು ಅಂಟಿಕೊಂಡವು, ಬಿಡಲೇ ಇಲ್ಲ. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಹೋಯಿತು. ಚಿಕ್ಕಂದಿನಿಂದ ಗುರುತಿದ್ದ ಅದೇ ತಡೆ. ಮರುದಿನ ಇನ್ನೂ ಎರಡು ಪದಗಳಲ್ಲಿ ಬಂತು, ಅದರ ಮರುದಿನ ಎಲ್ಲೆಂದರಲ್ಲಿ. ವಾರ ಕಳೆಯುವಷ್ಟರಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಅವನು ಮೇಡಂ ಮನೆಗೆ ಹೋಗುವುದನ್ನು ಬಿಟ್ಟ.

ಆಮೇಲೊಂದು ಮಧ್ಯಾಹ್ನ ಪರದೆ ಸರಿಯಿತು. ಮಾಲೀಕರಲ್ಲ, ಟೆಲಿಫೋನ್ ಮೇಡಂ. ಮಂಡಿಯ ಮೇಲೆ ಕೈಯೂರಿ, ಉಸಿರು ಬಿಡುತ್ತ, ಗಾಜಿನ ಡಬ್ಬಗಳ ನಡುವಿನ ಸ್ಟೂಲಿನ ಮೇಲೆ ಕೂತರು. ಚಕ್ರ ನಿಲ್ಲಿಸು ಎಂದು ಕೈ ತೋರಿಸಿದರು.

"ಯಾಕೆ ಬರ್ತಿಲ್ಲ?"

ಅವನ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಮೇಡಂ ಅವನ ಬಾಯಿಗೆ ಪದ ಕೊಡಲಿಲ್ಲ, ಚಕ್ರದಿಂದ ಬೀಳುವ ನೀರಿನ ಹನಿ ನೋಡುತ್ತ ಕೂತಿದ್ದರು.

"ಇಂಗ್ಲಿಷಲ್ಲೂ ಬಂ...ತು."

"ಬರದೆ ಇನ್ನೇನು? ರೈಲಿನ ಕಥೆ ಯಾರೋ ಬರೆದದ್ದು, ನೀನು ಗಿಳಿ ಹಾಗೆ ಒಪ್ಪಿಸ್ತಿದ್ದೆ. ನಿಮ್ಮ ಮಾವನ ಕಥೆ ನಿಂದು."

"ಹಾಗಾದ್ರೆ ಪಾ...ಸಾಗಲ್ಲ."

"ಆಗದೇನೂ ಇರಬಹುದು. ನಂಗೇನು ಗೊತ್ತು?" ಮೇಡಂ ಮಂಡಿ ಒತ್ತಿಕೊಂಡರು. "ಎಕ್ಸ್‌ಚೇಂಜಿಗೆ ಒಬ್ರು ಫೋನ್ ಮಾಡೋರು. ಲೈನ್ ಬೇಕಾದ ಊರಿನ ಹೆಸರು ಹೇಳೋಕೆ ತುಂಬ ಕಷ್ಟ ಪಡೋರು. ಲೈನ್ ಕೆಟ್ಟಿದೆ ಅಂತ ನಮ್ಮ ಹುಡುಗೀರು ಕಟ್ ಮಾಡಿಬಿಡೋರು. ಒಂದಿನ ಅವರೇ ಮೊದಲೇ ಹೇಳಿದ್ರು, ನಂಗೆ ಉಗ್ಗು ಇದೆ, ಸ್ವಲ್ಪ ತಾಳಿ ಅಂತ. ಆಮೇಲೆ ಯಾರೂ ಕಟ್ ಮಾಡಲಿಲ್ಲ. ನೀನೂ ಹೋದ ಕೂಡಲೇ ಹೇಳಿಬಿಡು."

ಅವರು ಹೋದ ಮೇಲೆ ಅವನು ಚಕ್ರವನ್ನು ಮತ್ತೆ ಶುರುಮಾಡಲಿಲ್ಲ, ಸುಮ್ಮನೆ ಕೂತು ಯೋಚಿಸಿದ. ಅವನ ಉಗ್ಗು ಬೀದಿಗೆಲ್ಲ ಗೊತ್ತು, ಅದರ ಮೇಲೆ ಅವನ ಹೆಸರೇ ನಿಂತಿದೆ. ಆದರೆ ನನಗೆ ಉಗ್ಗು ಇದೆ ಎನ್ನುವ ಮಾತು ಅವನ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಅದನ್ನು ಮುಚ್ಚಿಡುವುದಕ್ಕೇ ಅಷ್ಟು ವರ್ಷ ಕಡಿಮೆ ಮಾತಾಡಿದ್ದ, ಬೇಡದ ಬಣ್ಣದ ಅಂಗಿ ತೊಟ್ಟಿದ್ದ.

ಪಾಠ ಮತ್ತೆ ಶುರುವಾಯಿತು. ಐ ಸ್ಟ್ಯಾಮರ್ ಎನ್ನುವ ಪುಟ್ಟ ವಾಕ್ಯವನ್ನು ಅಭ್ಯಾಸ ಮಾಡುವುದಕ್ಕೇ ಎಷ್ಟೋ ಸಂಜೆ ಹೋಯಿತು. ಪೇಶೆಂಟ್ ಎನ್ನುವುದನ್ನು ತಪ್ಪಿಸಿ ಅವನು ಸಿಕ್ ಮ್ಯಾನ್ ಎಂದರೆ ಮೇಡಂ ಬಿಡುತ್ತಿರಲಿಲ್ಲ. "ಆಸ್ಪತ್ರೆ ತುಂಬ ಪೇಶೆಂಟುಗಳೇ ಇರ್ತಾರಪ್ಪ. ಎಷ್ಟು ಜನರಿಂದ ತಪ್ಪಿಸ್ಕೊಳ್ತೀಯ?" ಅವನಿಗೆ ನಗು ಬರುತ್ತಿತ್ತು. ನಕ್ಕ ಮೇಲೆ ಒಮ್ಮೊಮ್ಮೆ ಪದವೂ ಬರುತ್ತಿತ್ತು.

ಮನೆಯಲ್ಲಿ ಇನ್ನೊಂದು ಪರೀಕ್ಷೆ ಇತ್ತು. ಮಾವನಿಗೆ ಊಟ ಮಾಡಿಸಿ, ಬಾಯಿ ಒರೆಸಿ, ಅವನು ಒಲೆ ಒರೆಸುತ್ತಿದ್ದ ಅಮ್ಮನ ಹತ್ತಿರ ಹೋಗಿ ನಿಂತ. ತನ್ನ ಮಾತನ್ನು ಇನ್ನು ಮೇಲೆ ತಾನೇ ಮುಗಿಸುತ್ತೇನೆ ಎಂದು ಹೇಳಿದ. ಅಷ್ಟು ಹೇಳುವಾಗಲೇ ಅಮ್ಮ ಎರಡು ಸಲ ನಡುವೆ ಬಾಯಿ ಹಾಕಿದಳು.

"ಇಷ್ಟು ವರ್ಷ ನಿನಗೆ ಕಷ್ಟ ಆಗಬಾರದು ಅಂತ ತಾನೇ ನಾನು ಮಾತಾಡಿದ್ದು?" ಅವಳ ಮುಖ ಚಿಕ್ಕದಾಯಿತು. "ಈಗ ಅದೂ ತಪ್ಪಾಯ್ತಾ?"

"ತಪ್ಪಲ್ಲಮ್ಮ. ಅ...ವತ್ತು ಕೇಳಿದ್ಯಲ್ಲ, ನಿನ್ನ ಹತ್ರ ಯಾಕೆ ಹಾಗೆ ಆಡಲ್ಲ ಅಂತ."

"ಇಂಗ್ಲಿಷ್ ಬರಲ್ಲ ಅಂತ ಅಂದ್ಯಲ್ಲ."

"ಅದು ನೀ...ನು ಅಂದದ್ದು."

ಅಮ್ಮ ಅವನ ಕಡೆ ತಿರುಗಿದಳು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು.

"ನಿನ್ನ ಹತ್ರ ನಂಗೆ ಪು...ರುಸೊತ್ತು ಸಿಗಲ್ಲಮ್ಮ. ಮಾತು ಬರೋ ಮುಂಚೆನೇ ನೀನು ಮುಗಿಸಿಬಿಟ್ಟಿರ್ತೀಯ."

ಎರಡು ದಿನ ಅಮ್ಮ ಗಂಟು ಮುಖ ಹಾಕಿಕೊಂಡೇ ಇದ್ದಳು. ಮೂರನೆಯ ದಿನ, ಪರೀಕ್ಷೆಗೆ ತಾನೂ ಜೊತೆಗೆ ಬರುತ್ತೇನೆ, ಹೊರಗೆ ಕೂತಿರುತ್ತೇನೆ, ಅದಕ್ಕೂ ಬೇಡ ಅನ್ನಬೇಡ ಎಂದಳು.

ಪರೀಕ್ಷೆ ನಡೆದದ್ದು ಒಂದು ಹಳೆಯ ಶಾಲೆಯ ಕಟ್ಟಡದಲ್ಲಿ. ಮಾವನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ ತಾಯಿ ಮಗ ಬೆಳಗ್ಗೆಯೇ ಹೊರಟರು. ಓದಿ ಬರೆಯುವುದು, ಕೇಳಿ ಬರೆಯುವುದು ಎರಡೂ ಚೆನ್ನಾಗಿ ಆದವು; ಧ್ವನಿವರ್ಧಕ ಗೊರಗೊರ ಎನ್ನುತ್ತಿದ್ದರೂ ನಲ್ಲಿಯ ಸದ್ದಿಗೆ ಪಳಗಿದ ಅವನ ಕಿವಿಗೆ ತೊಂದರೆಯಾಗಲಿಲ್ಲ. ಮಧ್ಯಾಹ್ನ ಮಾತಿನ ಪರೀಕ್ಷೆಗೆ ಹೆಸರು ಬರೆಸಲು ಸಾಲು ನಿಂತಿತ್ತು. ಗುಮಾಸ್ತ ತಲೆ ಎತ್ತದೆ, "ಹೆಸರು?" ಎಂದ.

ಅವನಿಗೆ ಎಲ್ಲಕ್ಕಿಂತ ಕಷ್ಟದ ಪದ ತನ್ನ ಹೆಸರೇ. ಅದಕ್ಕೆ ಬದಲಿ ಪದ ಹಾಕುವಂತಿಲ್ಲ. ಮೊದಲ ಅಕ್ಷರವೇ ಹೊರಡಲಿಲ್ಲ. ಸಾಲಿನಲ್ಲಿ ಯಾರೋ ಕೆಮ್ಮಿದರು. ಗುಮಾಸ್ತ ತಲೆ ಎತ್ತಿ ಅವನನ್ನು ನೋಡಿದ, ಪಕ್ಕದಲ್ಲಿದ್ದ ಅಮ್ಮನನ್ನು ನೋಡಿದ.

"ನೀವೇ ಹೇಳಿಬಿಡೀಮ್ಮ. ಹಿಂದೆ ಜನ ಕಾಯ್ತಿದ್ದಾರೆ."

ಅವಳೇ ಇಟ್ಟ ಹೆಸರು. ನಾಲಿಗೆಯ ತುದಿಗೇ ಬಂದಿತ್ತು. ಅವಳು ತುಟಿ ಬಿಗಿಹಿಡಿದಳು.

"ಅವನೇ ಹೇಳ್ತಾನೆ," ಅಂದಳು. ಹೇಳಿ, ಬೇರೆ ಕಡೆ ತಿರುಗಿ, ಗೋಡೆಯ ಮೇಲಿದ್ದ ನೋಟಿಸನ್ನು ಓದುವವಳಂತೆ ನಿಂತಳು. ನೋಟಿಸು ಇಂಗ್ಲಿಷಿನಲ್ಲಿತ್ತು.

ಹೆಸರು ತುಂಡು ತುಂಡಾಗಿ ಹೊರಬಂತು. ಗುಮಾಸ್ತ ಬರೆದುಕೊಂಡ.

ಒಳಗೆ ಮೂವರು ಕೂತಿದ್ದರು. ಅವನು ಕೂತ ಕೂಡಲೇ ಕಲಿತ ವಾಕ್ಯ ಹೇಳಿದ: ನನಗೆ ಉಗ್ಗು ಇದೆ, ದಯವಿಟ್ಟು ಸಮಯ ಕೊಡಿ. ನಡುವೆ ಕೂತಿದ್ದ ಹೆಂಗಸು ಆಗಲಿ ಎಂದು ತಲೆಯಾಡಿಸಿದರು. ಪಕ್ಕದಲ್ಲಿದ್ದ ಹಿರಿಯರು ಗಡಿಯಾರ ನೋಡಿದರು. ನರ್ಸಿಂಗ್ ಯಾಕೆ ಎನ್ನುವ ಪ್ರಶ್ನೆಯೇ ಬಂತು. ಅವನು ಮಾವನ ಬಗ್ಗೆ ಹೇಳಿದ, ಅವನಿಗೆ ಉಳಿದಿರುವ ಒಂದೇ ಪದದ ಬಗ್ಗೆ ಹೇಳಿದ. ಪೇಶೆಂಟ್ ಎನ್ನುವಲ್ಲಿ ತಡೆದಾಗ ಸಿಕ್ ಮ್ಯಾನ್ ಅನ್ನಲಿಲ್ಲ, ಕಣ್ಣು ಮುಚ್ಚಲೂ ಇಲ್ಲ, ಅದು ಬರುವ ತನಕ ಅವರನ್ನೇ ನೋಡುತ್ತ ಕಾದ. ಆ ಒಂದು ಪದದಲ್ಲಿ ಮಾವ ಏನೇನು ಹೇಳುತ್ತಾನೆ ಎನ್ನುವ ಮುಖ್ಯ ಸಂಗತಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತು.

ಹಿಂತಿರುಗುವ ಬಸ್ಸಿನಲ್ಲಿ ಅಮ್ಮ, "ಹೇಗಾಯ್ತು?" ಎಂದಷ್ಟೇ ಕೇಳಿದಳು. ಅವನು ಒಳಗೆ ಹೇಳಿದ್ದನ್ನೂ ಹೇಳಲಾಗದೆ ಉಳಿದದ್ದನ್ನೂ ದಾರಿಯುದ್ದಕ್ಕೂ ಹೇಳಿದ. ಮುಂದಿನ ಸೀ‌ಟಿನವರು ತಿರುಗಿ ತಿರುಗಿ ನೋಡಿದರು. ಅಮ್ಮ ನಡುವೆ ಬಾಯಿ ಹಾಕಲಿಲ್ಲ. ಒಂದೆರಡು ಕಡೆ ಅವಳ ತುಟಿ ಮಾತ್ರ ಅವನ ಜೊತೆಗೇ ಅಲ್ಲಾಡಿತು.

ಫಲಿತಾಂಶ ಬಂದಾಗ ಬರವಣಿಗೆಯಲ್ಲಿ ಅವನಿಗೆ ತುಂಬ ಒಳ್ಳೆಯ ಅಂಕ, ಮಾತಿನಲ್ಲಿ ಪಾಸಾಗಲು ಬೇಕಾದಷ್ಟೇ. ಸೇರಿಸಿಕೊಂಡವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ಕಾಯುವವರ ಪಟ್ಟಿಯಲ್ಲಿತ್ತು. ಮುಂದಿನ ವರ್ಷ ನೋಡೋಣ ಎಂದರು ಮೇಡಂ. ಅವನು ಮತ್ತೆ ಗಾಜು ಉಜ್ಜತೊಡಗಿದ. ತರಗತಿಗಳು ಶುರುವಾದ ಮೇಲೆ ಯಾರೋ ಒಬ್ಬಳು ಹಾಸ್ಟೆಲ್ ಒಗ್ಗದೆ ಮನೆಗೆ ವಾಪಸು ಹೋದಳಂತೆ. ಆ ಜಾಗಕ್ಕೆ ಬರಬಹುದು ಎಂದು ಅಂಗಡಿಗೆ ಫೋನ್ ಬಂತು. ಮಾಲೀಕರು ಪರದೆ ಸರಿಸಿ, ಸನ್ನೆ ಸಾಲದೆ, ಚಕ್ರದ ಸದ್ದನ್ನೂ ಮೀರಿ ಕೂಗಿ ಹೇಳಿದರು. ಆಮೇಲೆ, ನಿನ್ನ ಕೆಲಸಕ್ಕೆ ಈಗ ನಾನು ಯಾರನ್ನು ಹುಡುಕಲಿ ಎಂದು ಗೊಣಗುತ್ತ, ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದ ಗಿರಾಕಿಗೂ ಆ ಸುದ್ದಿ ಹೇಳಿದರು.

ಅವನ ಓದು ಮುಗಿಯುವ ವರ್ಷ, ಅಷ್ಟು ದಿನ ಅಮ್ಮ ನೋಡಿಕೊಂಡಿದ್ದ ಮಾವ ತೀರಿಕೊಂಡ. ಕೊನೆಯ ದಿನಗಳಲ್ಲಿ ರೇಡಿಯೋ ರಜೆ ಹಾಕಿ ಬಂದು ಅವನ ಹತ್ತಿರವೇ ಇದ್ದ.

ಈಗ ಅವನು ದೊಡ್ಡ ಆಸ್ಪತ್ರೆಯೊಂದರ ಗಂಡಸರ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ನರ್ಸ್. ಉಗ್ಗು ಹೋಗಿಲ್ಲ. ಕೆಲವು ದಿನ ಸಲೀಸು, ಕೆಲವು ದಿನ ಬೆಳಗಿನ ಮೊದಲ ಮಾತಿಗೇ ತಡೆ. ಪಾಳಿ ಬದಲಾಗುವಾಗ ಅವನು ವಿವರ ಒಪ್ಪಿಸುವುದು ನಿಧಾನವಾಗುತ್ತದೆಂದು ಮುಂದಿನ ಪಾಳಿಯವರು ಸ್ವಲ್ಪ ಬೇಗ ಬರುತ್ತಾರೆ. ಅದಕ್ಕೆ ಒಬ್ಬಿಬ್ಬರು ಗೊಣಗುವುದೂ ಇದೆ.

ಹೋದ ತಿಂಗಳು ಹರ್ನಿಯಾ ಆಪರೇಷನ್ನಿಗೆ ಬಂದಿದ್ದ ವ್ಯಾಪಾರಿಯೊಬ್ಬರು, ಸರಿಯಾಗಿ ಮಾತು ಬರುವವರನ್ನು ಕಳಿಸಿ ಎಂದು ಹೆಡ್ ನರ್ಸಿಗೆ ದೂರು ಕೊಟ್ಟರು. ಬೇರೆಯವರಿಗೆ ಬೇರೆ ಕೆಲಸವಿದೆ, ಇವರೇ ನೋಡಿಕೊಳ್ಳುತ್ತಾರೆ ಎಂದರು ಹೆಡ್ ನರ್ಸ್. ಆ ವ್ಯಾಪಾರಿ ಮನೆಗೆ ಹೋಗುವ ದಿನದ ತನಕ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ಮಾತ್ರ ಗಾಯ ತೊಳೆಯುವಾಗ, ಈಗ ಸ್ವಲ್ಪ ಉರಿಯುತ್ತದೆ ಎಂದು ಪ್ರತಿ ಸಲವೂ ಮುಂಚಿತವಾಗಿ ಹೇಳಿದ, ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ತೆಗೆದುಕೊಂಡ.

ಹೊರಡುವ ದಿನ ಅವನೇ ಅವರನ್ನು ಗಾಲಿಕುರ್ಚಿಯಲ್ಲಿ ಗೇಟಿನ ತನಕ ತಳ್ಳಿಕೊಂಡು ಹೋಗಿ ಕಾರಿಗೆ ಹತ್ತಿಸಿದ. ಹೊಲಿಗೆ ಬಿಚ್ಚಿಸಲು ಬುಧವಾರ ಬರಬೇಕು ಎಂದು ಹೇಳುವುದಿತ್ತು. ಬುಧವಾರ ಎನ್ನುವ ಪದ ಬರಲಿಲ್ಲ. ಡ್ರೈವರ್ ಎಂಜಿನ್ ಶುರುಮಾಡಿದ್ದವನು ನಿಲ್ಲಿಸಿದ. ವ್ಯಾಪಾರಿ ಇನ್ನೊಂದು ಬದಿಯ ಕಿಟಕಿಯಾಚೆ ನೋಡುತ್ತ ಕೂತರು. ಪದ ಬಂತು. ಅವರು ಆಯಿತು ಎಂದು ತಲೆಯಾಡಿಸಿದರು, ಅಷ್ಟೇ. ಕಾರು ಹೊರಟಿತು. ಅವನು ಖಾಲಿ ಕುರ್ಚಿ ತಳ್ಳಿಕೊಂಡು ವಾರ್ಡಿಗೆ ಹಿಂತಿರುಗಿದ. ಹಾಸಿಗೆಯ ಬಟ್ಟೆ ಬದಲಾಯಿಸಬೇಕಿತ್ತು. ಆ ಜಾಗಕ್ಕೆ ಆಗಲೇ ಇನ್ನೊಬ್ಬ ಪೇಶೆಂಟ್ ಬಂದು ಬೆಂಚಿನ ಮೇಲೆ ಕೂತಿದ್ದರು.